ಲಾವಣಿಗೆ ಕೊಟ್ಟ ಆಟ

ಶಹಾಪುರದ ಬಸ್ ನಿಲ್ದಾಣದ ಎದುರಿಗಿರುವ ಫಿರ್ದೌಸಳ ಝೆರಾಕ್ಸ್ ಅಂಗಡಿಯಲ್ಲಿ ನಕಲಾಗದ ಕಾಗದವೇ ಇಲ್ಲ. ಆಧಾರ್ ಕಾರ್ಡು, ಪಹಣಿ, ಜಾತಿ ಪ್ರಮಾಣಪತ್ರ, ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಹಾಕಿಕೊಂಡ ದಾವೆ, ಎಲ್ಲವೂ ಆ ಮಷೀನಿನ ಗಾಜಿನ ಮೇಲೆ ಮಲಗಿ ಎದ್ದಿವೆ. ಕಾಲೇಜಿನವರು ನಾನೂರು ಪುಟದ ಪುಸ್ತಕ ತಂದು, "ಅಕ್ಕ, ಇಡೀದು ತೆಗೀರಿ" ಎಂದು ಒಗೆದು ಚಹಾ ಕುಡಿಯಲು ಹೋಗುತ್ತಾರೆ. ಪುಸ್ತಕದ ಎರಡನೇ ಪುಟದಲ್ಲಿ "ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ" ಎಂದು ಅಚ್ಚಾಗಿರುತ್ತದೆ. ಫಿರ್ದೌಸ್ ಆ ಪುಟವನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡಿ ಕೊಡುತ್ತಾಳೆ. ಹದಿನಾರು ವರ್ಷದಲ್ಲಿ ಯಾವ ಮಹಾನುಭಾವನೂ ಬಂದು ಇದೇನಮ್ಮಾ ಎಂದು ಕೇಳಿಲ್ಲ. ಕೇಳಿದ್ದು ಒಂದೇ ಒಂದು ವಸ್ತುವಿಗೆ. ಅದು ಅವಳ ಸ್ವಂತ ಅಪ್ಪ ಕೈಯಾರೆ ಬರೆದ ಆಟ.

ಜುಲೈ ತಿಂಗಳ ಒಂದು ಮಧ್ಯಾಹ್ನ ಅನುರಾಧಾ ಬಂದಳು. ಸಗರದ ಕಡೆ ಒಂದು ಶಾಲೆಯಲ್ಲಿ ಕಲಿಸುವ ಟೀಚರು. ಪ್ರಶ್ನೆಪತ್ರಿಕೆ, ಹಾಜರಿ ನಮೂನೆ ಎಂದು ವಾರಕ್ಕೊಮ್ಮೆ ಬಂದು ಬಂದು ಗೆಳತಿಯೇ ಆಗಿದ್ದಳು. ಚೀಲದಿಂದ ಒಂದು ರಟ್ಟಿನ ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟಳು. ಗೆದ್ದಲು ತಿಂದ ಮೂಲೆಯಿಂದ ಪುಡಿ ಉದುರಿತು.

"ಫಿರ್ದೌಸಕ್ಕ, ಇದರಾಗಿನ ಹಾಳಿ ಕಲರ್ ನಕಲು ಆಗ್ತಾವೇನು ನೋಡ್ರಿ. ಸಾಲಿ ಕಪಾಟಿನ್ಯಾಗ ಸಿಕ್ತು. ಇರೋದೊಂದು, ಹುಡುಗ್ರು ಎಂಬತ್ತು ಮಂದಿ. ಜಗ್ಗಾಡಿ ಜಗ್ಗಾಡಿ ಹರದಾರ. ಹೊಸಾದು ತರಸೋಣಂದ್ರ ಎಲ್ಲೂ ಸಿಗಂಗಿಲ್ರಿ."

ಡಬ್ಬಿಯ ಮೇಲೆ ‘ಕೊನಿ ಹೊಲ’ ಎಂದು ಬರೆದಿತ್ತು. ಫಿರ್ದೌಸಳ ಕೈ ಅಲ್ಲೇ ನಿಂತಿತು. ‘ಲ’ ಅಕ್ಷರಕ್ಕೆ ಹಾಗೆ ಹೊಟ್ಟೆ ಬಿಡುವವನು ಶಹಾಪುರದಲ್ಲಿ ಒಬ್ಬನೇ. ಊರಿನ ಅರ್ಧ ಅಂಗಡಿಗಳ ಬೋರ್ಡು, ಕಾಲುವೆಯ ಮೇಲಿನ ನೀರಾವರಿ ಫಲಕಗಳು, ಲಾರಿಗಳ ಬೆನ್ನು, ಎಲ್ಲ ಬರೆದು ಬರೆದು ಕೈ ಸೋತ ಪೇಂಟರ್ ಮಸ್ತಾನಸಾಬ, ಅವಳ ಅಪ್ಪ.

ಕಾಲುವೆಯ ಉದ್ದಕ್ಕೂ ಫಲಕ ಬರೆಯುತ್ತ ಹೋದಾಗ ಅವನು ಕಂಡದ್ದು ಒಂದೇ ನೋಟ: ಮೇಲಿನವನ ಗದ್ದೆಯಲ್ಲಿ ಕಪ್ಪೆ ಈಜುತ್ತಿರುತ್ತದೆ, ಕೆಳಗಿನವನ ಹೊಲ ಬಾಯಿ ಬಿಟ್ಟಿರುತ್ತದೆ. ಅದನ್ನೇ ಆಟ ಮಾಡಿದ್ದ. ಒಂದು ಅಗಲವಾದ ಹಾಳೆ, ಅದರ ಮೇಲೆ ಕಾಲುವೆ, ಹನ್ನೆರಡು ಹೊಲ, ದಾಳ, ಬರೆದ ಚೀಟಿಗಳು. ತನ್ನ ಹೊಲ ತುಂಬಿಸಿಕೊಂಡವನು ಗೆದ್ದ ಹಾಗಲ್ಲ. ಕಟ್ಟಕಡೆಯ ಹೊಲಕ್ಕೆ ನೀರು ಮುಟ್ಟಿದರೆ ಎಲ್ಲರೂ ಗೆದ್ದರು, ಮುಟ್ಟದಿದ್ದರೆ ಎಲ್ಲರೂ ಸೋತರು. ಬೆಂಗಳೂರಿನ ಒಂದು ಕಂಪನಿ ತೊಂಬತ್ತೊಂಬತ್ತರಲ್ಲಿ ಅದನ್ನು ಅಚ್ಚು ಹಾಕಿಸಿತು. ಎರಡು ವರ್ಷ ಶಾಲೆಗಳಿಗೆ ಮಾರಿ ಕೈಬಿಟ್ಟಿತು. ಮಸ್ತಾನಸಾಬನಿಗೆ ಕೊಟ್ಟ ಎರಡು ಡಬ್ಬಿಗಳನ್ನು ಮಳೆಗಾಲದಲ್ಲಿ ಸೋರುವ ಮಾಡು ತಿಂದಿತು. ಕೊನೆಯ ಹೊಲದಲ್ಲಿ ಹಸಿರು ಸೀರೆ ಉಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಣ್ಣುಮಗಳು ತನ್ನ ತಾಯಿ ಚಾಂದಬೀ ಎಂಬುದು ಫಿರ್ದೌಸಳಿಗೆ ಗೊತ್ತಿತ್ತು. ಡಬ್ಬಿಯ ನಾಲ್ಕೂ ಮಗ್ಗುಲು ತಿರುಗಿಸಿ ನೋಡಿದಳು. ಕಂಪನಿಯ ಹೆಸರು ಐದು ಕಡೆ ಇತ್ತು. ಅಪ್ಪನ ಹೆಸರು ಒಂದು ಕಡೆಯೂ ಇರಲಿಲ್ಲ.

"ಇದು ನಮ್ಮ ಅಬ್ಬಾ ಮಾಡಿದ್ದ್ರಿ" ಅಂದಳು.

ಅನುರಾಧಾ ಅವಳ ಮುಖ ನೋಡಿದಳು. "ಖರೇನ? ಹಂಗಾದ್ರ ಇನ್ನೂ ಛಲೋ ಆತಲ್ರಿ. ಅವರನ್ನ ಸಾಲಿಗೆ ಕರಕೊಂಡು ಬರ್ರಿ. ಆಡೋದು ನೋಡ್ಲಿ."

ಆ ಸಂಜೆ ಫಿರ್ದೌಸ್ ಡಬ್ಬಿ ಹಿಡಿದು ಮನೆಗೆ ಓಡಿದಳು. ಮಸ್ತಾನಸಾಬನಿಗೆ ಈಗ ಎಪ್ಪತ್ನಾಲ್ಕು. ಕಣ್ಣಿನ ನರ ಸತ್ತು, ಊದುಗೊಳವೆಯ ತೂತಿನಲ್ಲಿ ಹಣಿಕಿದಷ್ಟೇ ಕಾಣುತ್ತದೆ. ಆದರೆ ಕಂಡಷ್ಟು ಸ್ಪಷ್ಟ ಕಾಣುತ್ತದೆ. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಕಾಲುವೆಯ ಮೇಲಿನಿಂದ ಕೆಳಗಿನವರೆಗೆ ಇಷ್ಟಿಷ್ಟೇ ನೋಡುತ್ತ ಬಂದ. ಕೊನೆಯ ಹೊಲ ಮುಟ್ಟಿದಾಗ ನಕ್ಕ. ಚಾಂದಬೀಯನ್ನು ಕರೆದು, "ನೋಡು, ಆವಾಗ ಎಷ್ಟು ಜೋರಿದ್ದಿ" ಅಂದ. ಆಮೇಲೆ ಮಗಳ ಕಡೆ ತಿರುಗಿ ಕೇಳಿದ.

"ಕಂಪನ್ಯಾವ್ರು ಬಿಟ್ರೇನು ಬೇಟಿ?"

"ಏನು ಬಿಡೋದು ಅಬ್ಬಾ?"

"ಲಾವಣಿ."

ತೊಂಬತ್ತೊಂಬತ್ತರಲ್ಲಿ ಕಂಪನಿಯ ಮನುಷ್ಯ ಬಂದು ಇಂಗ್ಲಿಷಿನ ಎರಡು ಹಾಳೆ ಮುಂದಿಟ್ಟಾಗ, ಇದರಲ್ಲಿ ಏನು ಬರೆದಿದೆ ಎಂದು ಮಸ್ತಾನಸಾಬ ಕೇಳಿದ್ದನಂತೆ. ಆ ಜಾಣ, ನಿಮ್ಮ ಕಡೆ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುತ್ತೀರಲ್ಲ, ಹಾಗೇ ಇದು ಎಂದಿದ್ದನಂತೆ. ಹೊಲ ನಿಮ್ಮದೇ, ಉಳುವವರು ನಾವು. ಮಸ್ತಾನಸಾಬನ ಮನೆತನದಲ್ಲಿ ಅದಕ್ಕೊಂದು ನೇಮವಿತ್ತು. ಲಾವಣಿ ಹಿಡಿದವನು ಮನೆಗೆ ಬಂದು, ಬಾಯಿಬಿಟ್ಟು "ಬಿಟ್ಟೇನ್ರಿ" ಅನ್ನಬೇಕು. ಅಲ್ಲಿಯವರೆಗೆ ಹೊಲದ ಒಡೆಯನಾದರೂ ಬದುವಿನ ಒಳಗೆ ಕಾಲಿಡುವ ಹಾಗಿಲ್ಲ. ಬಹಳ ಮಂದಿ ಇಂಥ ಮಾತನ್ನು ಗಾಳಿಗೆ ತೂರಿ ಬದುಕಿದ್ದಾರೆ. ಮಸ್ತಾನಸಾಬ ತೂರಲಿಲ್ಲ. ಇಪ್ಪತ್ತಾರು ವರ್ಷ ಕಂಪನಿಯವನು ಬಂದು ಆ ಒಂದು ಮಾತು ಹೇಳಲಿ ಎಂದು ಕಾದು ಕೂತಿದ್ದ. ಯುಗಾದಿಗೊಮ್ಮೆ ಅವನು "ಕಂಪನ್ಯಾವ್ರು ಬಂದಿದ್ರೇನು" ಎಂದು ಕೇಳುವುದನ್ನು ಮನೆಯವರು ಚೇಷ್ಟೆ ಎಂದುಕೊಂಡಿದ್ದರು.

"ನಕಲು ಮಾಡೋದು ನಕ್ಕೋ, ಬ್ಯಾಡ" ಅಂದ. "ಮಂದಿ ಲಾವಣಿ ಹೊಲದಾಗ ಕುರಿ ಬಿಟ್ಟಂಗ ಆಗ್ತದ."

ಫಿರ್ದೌಸ್ ತಲೆಯಾಡಿಸಿದಳು. ಮರುದಿನ ಅಂಗಡಿಗೆ ಹೋಗಿ ಹರಿದ ಹಾಳೆಯನ್ನು ಸ್ಕ್ಯಾನ್ ಮಾಡಿದಳು. ನಾಲ್ಕು ದಿನ ಕೂತು ಕಲೆ ಒರೆಸಿ, ಮಸುಕಾದ ಬಣ್ಣ ತಿದ್ದಿ, ಮೂಲೆಯಲ್ಲಿ ‘ರಚನೆ: ಮಸ್ತಾನಸಾಬ, ಶಹಾಪುರ’ ಎಂದು ಸೇರಿಸಿದಳು. ಅನುರಾಧಳಿಗೆ ಇಪ್ಪತ್ತು ಪ್ರತಿ ಹೋದವು. ಪಿಡಿಎಫ್ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹೋಯಿತು. ಮಾರುವವರು ಮಾರುವುದನ್ನು ಬಿಟ್ಟು ಇಪ್ಪತ್ತು ವರ್ಷ ದಾಟಿದ ಆಟ, ನಾಲ್ಕು ಮಕ್ಕಳು ಆಡಿದರೆ ಯಾರ ಮನೆಯ ಗಂಟು ಹೋಗುತ್ತದೆ ಎಂದು ಅವಳ ಲೆಕ್ಕ.

ಮೊದಲ ಹೇಸಿಗೆ ತನ್ನವರಿಂದಲೇ ಬಂತು. ಹದಿನೈದು ದಿನ ಕಳೆಯುವುದರೊಳಗೆ ಪಿಡಿಎಫ್ ಯಾದಗಿರಿ ಸುತ್ತಿ, ಸುರಪುರ ಸುತ್ತಿ, ತಿರುಗಿ ಫಿರ್ದೌಸಳ ಫೋನಿಗೇ ಬಂತು. ತೆರೆದು ನೋಡಿದರೆ ಮೂಲೆಯಲ್ಲಿ ಅಪ್ಪನ ಹೆಸರಿಲ್ಲ. ಆ ಜಾಗದಲ್ಲಿ ಸುರಪುರದ ಕಡೆಯ ಯಾರೋ ಮಾಸ್ತರ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಗುತ್ತಿದ್ದ. ಕೆಳಗೆ ‘ಸಂಗ್ರಹ ಮತ್ತು ಪರಿಕಲ್ಪನೆ’ ಎಂದು ಅವನ ಹೆಸರು, ಅದರ ಕೆಳಗೆ ಅವನ ಯೂಟ್ಯೂಬ್ ಚಾನೆಲ್ಲಿಗೆ ಚಂದಾದಾರರಾಗಿ ಎಂಬ ಬೇಡಿಕೆ. ಕಂಡವರ ಮಗುವಿಗೆ ತನ್ನ ಅಂಗಿ ತೊಡಿಸಿ ಎತ್ತಿಕೊಂಡು ತಿರುಗುವ ಇಂಥವರಿಗೆ ಏನನ್ನಬೇಕು? ಫಿರ್ದೌಸ್ ಗುಂಪಿನಲ್ಲಿ ಬೈದಳು. ನಲವತ್ತು ಮಂದಿ ಕೈ ಮುಗಿಯುವ ಚಿತ್ರ ಕಳಿಸಿದರು. ಒಬ್ಬ "ಉತ್ತರಗಳ ಪಿಡಿಎಫ್ ಇದ್ದರೆ ಹಾಕಿ ಮೇಡಂ" ಎಂದು ಕೇಳಿದ. ಆಟಕ್ಕೆ ಉತ್ತರ!

ಆ ಕೂಲಿಂಗ್ ಗ್ಲಾಸಿನ ವಿಡಿಯೋ ಕಂಪನಿಯ ಕಣ್ಣಿಗೆ ಬಿತ್ತು. ಎಲ್ಲಿಂದ ಬಂತೆಂದು ಅವರು ಕೇಳಿದ ಕೂಡಲೇ ಅವನು ಫಿರ್ದೌಸಳ ಅಂಗಡಿ, ಅನುರಾಧಳ ಶಾಲೆ ಎರಡರ ಹೆಸರೂ ಹೇಳಿ ಜಾರಿಕೊಂಡ. ಆಗಸ್ಟಿನಲ್ಲಿ ನೋಟಿಸು ಬಂತು. ಅಂಗಡಿಗೊಂದು, ಅನುರಾಧಳ ಶಾಲೆಗೊಂದು. ಶಾಲೆಗೆ ಬಂದದ್ದರ ಪ್ರತಿಯನ್ನು ಅವಳ ಮೇಲಿನವರಿಗೂ ಕಳಿಸಿದ್ದರು: ನಿಮ್ಮ ಶಿಕ್ಷಕಿ ಕದ್ದ ಮಾಲನ್ನು ಮಕ್ಕಳಿಗೆ ಹಂಚುತ್ತಿದ್ದಾಳೆ. ಎಲ್ಲ ಪ್ರತಿ ನಾಶಮಾಡಬೇಕು. ಜೊತೆಗೆ ಒಂದು ಬರೆದಿಟ್ಟ ಕಾಗದ, ಮಸ್ತಾನಸಾಬನ ಸಹಿಗಾಗಿ ಕೆಳಗೆ ಖಾಲಿ ಗೆರೆ. "ಈ ಆಟವು ನನ್ನದಲ್ಲ. ಇದರಲ್ಲಿ ನನಗೆ ಯಾವ ಹಕ್ಕೂ ಇಲ್ಲ, ಮುಂದೆಯೂ ಇರುವುದಿಲ್ಲ. ನನ್ನ ಕುಟುಂಬದಿಂದ ಆದ ತಪ್ಪಿಗೆ ಕ್ಷಮೆ ಕೋರುತ್ತೇನೆ." ಹದಿನೈದು ದಿನದಲ್ಲಿ ಇದು ಕೈಸೇರಿದರೆ ದೂರು ಹಿಂದಕ್ಕೆ, ಇಲ್ಲದಿದ್ದರೆ ಕೋರ್ಟು.

ವಾಟ್ಸಾಪ್ ಗುಂಪಿನಿಂದ ಶಿಕ್ಷಕರು ಒಬ್ಬೊಬ್ಬರಾಗಿ ಹೊರಬಿದ್ದರು. ಎಲ್ಲರಿಗಿಂತ ಮೊದಲು ಹೋದವನು ಕೂಲಿಂಗ್ ಗ್ಲಾಸಿನವನು.

ಫಿರ್ದೌಸ್ ನೋಟಿಸಿನಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಎತ್ತಿದವನ ದನಿ ಎಣ್ಣೆ ಹಚ್ಚಿದಂತಿತ್ತು.

"ನೀವು ಮತ್ತ ಅಚ್ಚು ಹಾಕ್ತೀರೇನ್ರಿ?" ಎಂದು ಕೇಳಿದಳು.

"ಸದ್ಯಕ್ಕೆ ಆ ಯೋಚನೆ ಇಲ್ಲ ಮೇಡಂ."

"ಹಂಗಾದ್ರ ನಾವು ಖರೀದಿ ಮಾಡಬೇಕಂದ್ರ ಎಲ್ಲಿ ಸಿಗ್ತದ್ರಿ?"

"ಎಲ್ಲೂ ಸಿಗಲ್ಲ ಮೇಡಂ. ಔಟ್ ಆಫ್ ಪ್ರಿಂಟ್."

"ಮಾರಂಗಿಲ್ಲ, ಮಾಡಂಗಿಲ್ಲ, ಮಾಡೋರಿಗೂ ಬಿಡಂಗಿಲ್ಲ. ನಾವು ಪುಕ್ಕಟೆ ಕೊಡಾಕತ್ತೇವ್ರಿ, ಸಾಲಿ ಹುಡುಗ್ರಿಗೆ. ನಿಮ್ಮ ಹೆಸರೂ ಹಾಕ್ತೀವಿ."

"ಆಗಲ್ಲ ಮೇಡಂ. ನಮ್ಮ ಪಟ್ಟಿಯಲ್ಲಿ ಇಂಥವು ಮುನ್ನೂರು ಆಟ ಇವೆ. ಪಟ್ಟಿ ಸಮೇತ ಕಂಪನಿಯನ್ನ ಬೇರೆಯವರು ತಗೊಳ್ತಿದ್ದಾರೆ. ಅದರಲ್ಲಿ ಯಾವುದೂ ಹೊರಗೆ ಓಡಾಡ್ಬಾರ್ದು ನೋಡಿ."

ಅವಳು ಫೋನು ಕೆಳಗಿಟ್ಟಳು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಗುಡಿಯ ಬಾಗಿಲಿಗೆ ಬೀಗ ಜಡಿದು, ಕೀಲಿಕೈಯನ್ನು ಹರಾಜಿಗಿಟ್ಟಿದ್ದ. ಮುನ್ನೂರು ಆಟ! ಯಾವ್ಯಾವ ಊರಿನ ಯಾವ್ಯಾವ ಮಸ್ತಾನಸಾಬರು ಬರೆದವೋ, ಒಂದನ್ನೂ ಯಾರೂ ಆಡುತ್ತಿಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಸಾಕು ಇವರಿಗೆ.

ಮನೆಯಲ್ಲಿ ಆ ಕಾಗದವನ್ನು ಅಪ್ಪನಿಗೆ ಓದಿ ಹೇಳಿದಳು. ಮಸ್ತಾನಸಾಬ ಪೂರಾ ಕೇಳಿದ.

"ನಕಲು ನಿಲ್ಲಿಸು. ಅದು ತಪ್ಪು, ನಾ ಮೊದಲೇ ಹೇಳಿದ್ದೆ" ಅಂದ. "ಆದ್ರ ನಂದಲ್ಲ ಅಂತ ಬರಕೊಡಂಗಿಲ್ಲ. ಲಾವಣಿ ಹಿಡದವ ಬಂದು ಹೊಲದ ಮಾಲಕಗ ಹೊಲ ನಿಂದಲ್ಲ ಅಂತ ಬರಕೊಡು ಅಂದ್ರ, ಅವ ಮನಶ್ಯಾನ?"

"ಅನುರಾಧನ ನೌಕರಿಗೆ ಕುತ್ತು ಬರ್ತದ ಅಬ್ಬಾ."

"ಅವಳ ಸಲುವಾಗಿ ಬೇಕಾದ್ರ ಕೈ ಮುಗೀತೀನಿ. ಸುಳ್ಳು ಮ್ಯಾಲ ನನ್ನ ಹೆಸರು ಹಾಕಂಗಿಲ್ಲ."

ಮರುದಿನ ಅನುರಾಧಾ ಅಂಗಡಿಗೆ ಬಂದಳು. ಮೇಲಿನವರು ಲಿಖಿತ ಉತ್ತರ ಕೇಳಿದ್ದರು. ದೂರು ಹಿಂದಕ್ಕೆ ಹೋಗದಿದ್ದರೆ ಶಿಸ್ತು ಕ್ರಮ ಎಂದಿದ್ದರು. ಅವಳು ಅಳಲಿಲ್ಲ. ಉತ್ತರದ ಕಾಗದ ಟೈಪು ಮಾಡಿಸಿಕೊಂಡು, "ನೀವೇನು ಚಿಂತಿ ಮಾಡಬ್ಯಾಡ್ರಿ ಅಕ್ಕ, ನಾನೇ ಕೇಳಿಕೊಂಡು ಬಂದಿದ್ದು" ಎಂದು ಹೇಳಿ ಹೋದಳು. ಅತ್ತಿದ್ದರೆ ಫಿರ್ದೌಸಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಅಂಗಡಿಯ ಕಂಪ್ಯೂಟರಿನಲ್ಲಿ ಅಪ್ಪನ ಹಳೆಯ ಪಿಂಚಣಿ ಅರ್ಜಿ ಇತ್ತು. ಅದರ ಕೆಳಗೆ ಸಹಿ. ಕುಂಚದಿಂದ ಎಳೆದ ಹಾಗೆ, ಕೊನೆಯ ‘ಬ’ದ ಬಾಲ ಇಡೀ ಹೆಸರಿನ ಕೆಳಗೆ ಹಾದು ಬರುವ ಸಹಿ. ಫಿರ್ದೌಸ್ ಅದನ್ನು ಕತ್ತರಿಸಿ, ಹಿಂದಿನ ಕೊಳೆ ಅಳಿಸಿ, ಕ್ಷಮಾಪಣೆಯ ಖಾಲಿ ಗೆರೆಯ ಮೇಲೆ ಕೂರಿಸಿದಳು. ಎರಡು ನಿಮಿಷದ ಕೆಲಸ. ಪ್ರಿಂಟು ತೆಗೆದು, ಸ್ಪೀಡ್ ಪೋಸ್ಟ್ ಮಾಡಿ ಬಂದು ಕೈ ತೊಳೆದಳು. ಇದ್ದದ್ದನ್ನು ಇದ್ದಂತೆ ನಕಲು ಮಾಡುವುದು ಬೇರೆ, ಇಲ್ಲದ್ದನ್ನು ಇದೆ ಎಂದು ಮಾಡುವುದು ಬೇರೆ. ಹದಿನಾರು ವರ್ಷ ಎಂಥೆಂಥವರು ಬಂದು ಮಾರ್ಕ್ಸ್ ಕಾರ್ಡಿನಲ್ಲಿ ಒಂದಂಕಿ ತಿದ್ದಿಕೊಡು ಎಂದರೂ ಮಾಡದ ಕೆಲಸವನ್ನು ಹೆತ್ತ ಅಪ್ಪನ ಹೆಸರಿನಲ್ಲಿ ಮಾಡಿದ್ದಳು. ಅನುರಾಧಳನ್ನು ಉಳಿಸಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದೂ ಸುಳ್ಳಲ್ಲ, ಆದರೂ ಊಟ ಸೇರಲಿಲ್ಲ.

ದೂರು ಹಿಂದಕ್ಕೆ ಹೋಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ವಾರದ ಮೇಲೆ ಅನುರಾಧಾ ತನ್ನ ಅಣ್ಣ ಬುದ್ಧಪ್ರಿಯನನ್ನು ಕರೆದುಕೊಂಡು ನೆಟ್ಟಗೆ ಮನೆಗೇ ಬಂದಳು. ಅವನು ಕೋರ್ಟಿನಲ್ಲಿ ವಕೀಲ. ತಂಗಿಯ ಮೇಲೆ ದೂರು ಕೊಟ್ಟು, ಇದ್ದಕ್ಕಿದ್ದಂತೆ ಹಿಂದಕ್ಕೆ ತೆಗೆದುಕೊಂಡದ್ದು ಯಾಕೆ ಎಂಬುದು ಅವನ ಅನುಮಾನ.

"ಕಾಕಾ, ಆವಾಗ ಸಹಿ ಮಾಡಿದ್ದ ಕರಾರಪತ್ರ ಅದ ಏನ್ರಿ?" ಎಂದು ಕೇಳಿದ.

ಚಾಂದಬೀ ಟ್ರಂಕಿನಿಂದ ನಿಕಾಹನಾಮೆಯ ಜೊತೆ ಮಡಚಿಟ್ಟಿದ್ದ ಎರಡು ಹಾಳೆ ತೆಗೆದುಕೊಟ್ಟಳು. ಬುದ್ಧಪ್ರಿಯ ಒಂದು ಸಲ ಓದಿದ, ಮತ್ತೊಂದು ಸಲ ಓದಿದ, ಹಾಳೆ ತಿರುವಿ ಹಿಂದೆ ನೋಡಿದ.

"ಇದರಾಗ ಎಷ್ಟು ವರ್ಷಕ್ಕಂತ ಮುದ್ದತ್ತೇ ಬರದಿಲ್ಲಲ್ರಿ."

"ಲಾವಣಿ ಅದು. ಬಿಟ್ಟೇನಂತ ಅವ್ರು ಬಂದು ಹೇಳಬೇಕು" ಅಂದ ಮಸ್ತಾನಸಾಬ.

"ಅವ್ರು ಹೇಳೋದು ಬ್ಯಾಡ್ರಿ ಕಾಕಾ, ಕಾಯ್ದೆನೇ ಹೇಳ್ಯಾದ. ಹಕ್ಕು ಬರಕೊಟ್ಟ ಕಾಗದದಾಗ ಮುದ್ದತ್ತು ಇಲ್ಲಂದ್ರ ಐದು ವರ್ಷ ಅಂತ ತಿಳೀಬೇಕು. ತೊಂಬತ್ತೊಂಬತ್ತಕ್ಕ ಐದು ಕೂಡಸ್ರಿ. ಎರಡು ಸಾವಿರದ ನಾಲ್ಕನೇ ಇಸ್ವಿಯಾಗನ ನಿಮ್ಮ ಹೊಲ ನಿಮಗ ಬಂದದ. ಇಪ್ಪತ್ತೊಂದು ವರ್ಷದಿಂದ ನಿಮ್ಮ ಬದುವಿನ ಹೊರಗ ನೀವೇ ನಿಂತೀರಿ."

ಇಪ್ಪತ್ತೊಂದು ವರ್ಷ! ಕಣ್ಣಿದ್ದ ಕಾಲ, ಕೈ ನಡುಗದ ಕಾಲ. ಅದೇ ಆಟವನ್ನು ಊರೂರಿನ ಶಾಲೆಗೆ ತಾನೇ ಬರೆದುಕೊಡಬಹುದಾಗಿದ್ದ ಮನುಷ್ಯ, ಕಂಡವರ ಲಾವಣಿಗೆ ಮರ್ಯಾದೆ ಕೊಟ್ಟು ಅದಕ್ಕೆ ಕುಂಚ ಮುಟ್ಟಿಸದೆ ಕೂತಿದ್ದ. ಪಟ್ಟಿ ಮಾಡಿಕೊಂಡು ವಕೀಲರನ್ನು ಸಾಕಿಕೊಂಡ ಕಂಪನಿಗೆ ಈ ಐದು ವರ್ಷದ ಮಾತು ಗೊತ್ತಿರಲಿಲ್ಲವೆಂದರೆ ಎಮ್ಮೆಯೂ ನಗುತ್ತದೆ. ಗೊತ್ತಿದ್ದೇ "ನನ್ನದಲ್ಲ" ಎಂದು ಬರೆಸಿಕೊಳ್ಳಲು ಹೊರಟಿದ್ದರು.

"ನಾಳೆನೇ ಉತ್ತರ ಬರೀತೀನಿ" ಅಂದ ಬುದ್ಧಪ್ರಿಯ. "ಒಂದು ಮಾತು. ಅವ್ರು ಕಳಿಸಿದ್ದ ಕ್ಷಮಾಪಣಿ ಕಾಗದಕ್ಕ ಯಾರೂ ಸಹಿ ಮಾಡಿಲ್ಲಲ್ರಿ? ಅದೊಂದು ಕೈಗೆ ಸಿಕ್ರ ಅದನ್ನ ಹಿಡಕೊಂಡು ವರ್ಷಗಟ್ಲೆ ಎಳದಾಡ್ತಾರ."

"ನಾ ಮಾಡಿಲ್ಲಪ್ಪ" ಅಂದ ಮಸ್ತಾನಸಾಬ, ಎದೆಯುಬ್ಬಿಸಿ. ಫಿರ್ದೌಸ್ ಚಹಾ ತರುತ್ತೇನೆಂದು ಒಳಗೆ ಎದ್ದು ಹೋದಳು. ಒಲೆಯ ಮುಂದೆ ನಿಂತು, ಈಗ ಹೇಳಿಬಿಡಲೇ ಎಂದುಕೊಂಡಳು. ಹೇಳಲಿಲ್ಲ. ಕಂಪನಿಯವರು ಆ ಕಾಗದ ಎಲ್ಲೋ ಬಿಸಾಕಿರಬಹುದು ಎಂಬ ಹುಚ್ಚು ಆಸೆ.

ಉತ್ತರ ಹೋದ ಹತ್ತನೇ ದಿನ ಕಂಪನಿಯಿಂದ ಫೋನು. ನಮ್ಮ ಪ್ರತಿನಿಧಿ ಖುದ್ದಾಗಿ ಬರುತ್ತಾರೆ, ಹಿರಿಯರನ್ನು ಕಂಡು ಎಲ್ಲ ಇತ್ಯರ್ಥ ಮಾಡಿಕೊಳ್ಳೋಣ. ಮಸ್ತಾನಸಾಬನಿಗೆ ಇದು ಕಿವಿಗೆ ಬಿದ್ದದ್ದೇ ತಡ, ಮನೆಯಲ್ಲಿ ಹಬ್ಬದ ಸಡಗರ. ಕಾಯ್ದೆ ಏನಾದರೂ ಹೇಳಲಿ, ಹಿಡಿದವನೇ ಬಂದು ಬಿಡುವ ಗೌರವವೇ ಬೇರೆ ಎಂದು ಅವನ ನಂಬಿಕೆ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿದ. ಚಾಂದಬೀಗೆ ಶೀರಾ ಮಾಡು ಎಂದು ಹೇಳಿದ. "ಹೊಲ ಬಿಡಾಕ ಬಂದವನ ಬಾಯಿ ಸಿಹಿ ಮಾಡಿ ಕಳಸಬೇಕು" ಅಂದ.

ಬಂದವನು ಮೂವತ್ತು ಮೂವತ್ತೈದರವ. ಬೂಟು ಬಿಚ್ಚದೆ ಒಳಗೆ ಬಂದು, ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕೂತ. ಕೈಚೀಲದಿಂದ ಒಂದು ಶಾಲು ತೆಗೆದು ಮಸ್ತಾನಸಾಬನ ಹೆಗಲಿಗೆ ಹಾಕಿ ಫೋನಿನಲ್ಲಿ ಫೋಟೋ ಹೊಡೆದುಕೊಂಡ. ಶೀರಾ ತಟ್ಟೆಯನ್ನು ಮೊಣಕೈಯಿಂದ ಆಚೆ ಸರಿಸಿದ. ಬುದ್ಧಪ್ರಿಯ, ಅನುರಾಧಾ ಗೋಡೆಯ ಕಡೆ ಕೂತಿದ್ದರು.

"ಬಿಟ್ಟುಕೊಡಾಕ ಬಂದ್ರಿ, ಭಾಳ ಸಂತೋಷ ಆತ್ರಿ" ಅಂದ ಮಸ್ತಾನಸಾಬ.

"ಬಿಟ್ಟುಕೊಡೋ ಪ್ರಶ್ನೆಯೇ ಇಲ್ವಲ್ಲ ಸರ್. ತಾವೇ ಬರೆದುಕೊಟ್ಟಿದ್ದೀರಿ" ಎಂದು ಅವನು ನಕ್ಕು, ಪ್ಲಾಸ್ಟಿಕ್ಕಿನ ಹೊದಿಕೆಯೊಳಗಿಂದ ಒಂದು ಹಾಳೆ ತೆಗೆದ. "ಆಟ ತಮ್ಮದಲ್ಲ ಅಂತ. ಸಹಿ ಇದೆ. ಐದು ವರ್ಷ, ಹತ್ತು ವರ್ಷ ಅಂತ ವಕೀಲರು ಬರೆದಿರೋದೆಲ್ಲ ಇದರ ಮುಂದೆ ನಿಲ್ಲಲ್ಲ."

ಮಸ್ತಾನಸಾಬ ಹಾಳೆಯನ್ನು ಕಣ್ಣಿನ ಹತ್ತಿರ ತಂದ. ಸಾಲಿನಿಂದ ಸಾಲಿಗೆ ಇಳಿಯುತ್ತ ಸಹಿಗೆ ಬಂದು ನಿಂತ. ಬಹಳ ಹೊತ್ತು ನೋಡಿದ.

"ಸಹಿ ನಂದೇ" ಅಂದ. "ಆದ್ರ ಇದು ಈಗಿನ ಕೈ ಅಲ್ಲ. ಈಗ ನಾ ಹಿಂಗ ಗೆರಿ ಎಳೀಲಿಕ್ಕೆ ಆಗಂಗಿಲ್ಲ. ಹತ್ತು ವರ್ಷದ ಹಿಂದಿನ ಕೈ ಇದು."

ಬುದ್ಧಪ್ರಿಯ ಎದ್ದು ಬಂದ. ಕಂಪನಿಯವನ ಮುಖದ ನಗು ಹೋಗಲಿಲ್ಲ. ಅವನು ಫಿರ್ದೌಸಳ ಕಡೆ ತಿರುಗಿ, ಜೇನು ಸುರಿದಂತೆ ಹೇಳಿದ: "ವಯಸ್ಸಾದವರು, ಮರೆತಿರ್ತಾರೆ. ಪೋಸ್ಟ್ ಮಾಡಿದ್ದು ತಾವೇ ಅಲ್ವಾ ಮೇಡಂ? ತಮ್ಮ ಎದುರಿಗೇ ಸಹಿ ಮಾಡಿರ್ತಾರೆ."

ಹೌದು ಎಂದರೆ ಮುಗಿಯುತ್ತಿತ್ತು. ಕಣ್ಣು ಕಾಣದ ಮುದುಕ, ಮರೆತ, ಎಂದು ಊರೆಲ್ಲ ನಂಬುತ್ತಿತ್ತು. ಅಪ್ಪನೂ ನಂಬುತ್ತಿದ್ದ, ಮಗಳು ಹೇಳಿದಳಲ್ಲ ಎಂದು ತನ್ನ ಬುದ್ಧಿಯ ಮೇಲೆಯೇ ಅನುಮಾನ ಪಟ್ಟುಕೊಳ್ಳುತ್ತಿದ್ದ. ಅದನ್ನು ನೆನೆದಾಗ ಫಿರ್ದೌಸಳಿಗೆ ಎದುರು ಕೂತವನ ಮೇಲೆ ಇದ್ದ ಹೇಸಿಗೆಯೆಲ್ಲ ತಿರುಗಿ ತನ್ನ ಮೇಲೇ ಬಂತು. ಇವನಿಗೂ ತನಗೂ ಏನು ವ್ಯತ್ಯಾಸ? ಇವನು ಅಪ್ಪನ ಆಟ ನುಂಗಿದ, ತಾನು ಅಪ್ಪನ ಹೆಸರು ನುಂಗಿದೆ.

"ಅಬ್ಬಾ ಮಾಡಿಲ್ರಿ" ಅಂದಳು. "ನಾ ಮಾಡೀನಿ. ಪಿಂಚಣಿ ಅರ್ಜಿಯಾಗಿನ ಸಹಿ ಕತ್ತರಿಸಿ ಹಚ್ಚಿ, ಪ್ರಿಂಟ್ ತಗದು ಕಳಿಸೀನಿ. ಅವರಿಗೆ ಗೊತ್ತೇ ಇಲ್ಲ."

ಚಾಂದಬೀ ಬಾಯಿಗೆ ಸೆರಗು ಹಿಡಿದಳು. ಅನುರಾಧಾ ನೆಲ ನೋಡಿದಳು. ಯಾರ ಸಲುವಾಗಿ ಎಂಬುದು ಅವಳಿಗೆ ಆಗಲೇ ಹೊಳೆದಿತ್ತು. ಕಂಪನಿಯವನ ನಗು ಮೊದಲ ಸಲ ಅಳ್ಳಾಡಿತು.

"ಇದು ಫೋರ್ಜರಿ ಮೇಡಂ. ಕ್ರಿಮಿನಲ್ ಕೇಸ್ ಆಗುತ್ತೆ."

"ಹಾಕ್ರಿ" ಅಂದ ಬುದ್ಧಪ್ರಿಯ. "ಮೊದಲ ಕೋರ್ಟಿನ್ಯಾಗ ಹೇಳ್ರಿ, ಮುದ್ದತ್ತು ಮುಗದು ಇಪ್ಪತ್ತೊಂದು ವರ್ಷ ಆದ ಮ್ಯಾಲ ಯಾವ ಹಕ್ಕಿನ ಮ್ಯಾಲ ನಮ್ಮ ತಂಗಿಗೆ ಕಳ್ಳಿ ಅಂತ ಬರದ್ರಿ ಅಂತ. ನಿಮ್ಮ ಕಂಪನಿ ಖರೀದಿ ಮಾಡೋರಿಗೂ ಒಂದು ಪ್ರತಿ ಕಳಸ್ತೀನಿ. ಪಟ್ಟಿಯಾಗ ಇನ್ನ ಎಷ್ಟು ಇಂಥವು ಅದಾವ, ಅವ್ರೂ ಎಣಿಸ್ಲಿ."

ಖರೀದಿದಾರರ ಮಾತು ಬಂದದ್ದೇ ತಡ, ಅವನು ಕಾಗದಗಳನ್ನು ಚೀಲಕ್ಕೆ ತುಂಬತೊಡಗಿದ. ಹೆಗಲಿಗೆ ಹಾಕಿದ್ದ ಶಾಲನ್ನು ಕೂಡ ಎಳೆದುಕೊಂಡು ಮಡಚಿಟ್ಟುಕೊಂಡ. ಅಂಥ ಹರಾಮಖೋರ! ಬಾಗಿಲ ತನಕ ಹೋದವನನ್ನು ಮಸ್ತಾನಸಾಬ ಕೂಗಿ ನಿಲ್ಲಿಸಿದ.

"ಸಾಹೇಬ್ರ, ಬಾಯಿಬಿಟ್ಟು ಒಂದ್ಸಲ ಬಿಟ್ಟೇನಂತ ಹೇಳಿ ಹೋಗ್ರಿ."

"ಏನು?"

"ಬಿಟ್ಟೆ ಅನ್ರಿ. ಅಷ್ಟ."

"ಬಿಟ್ಟೆ, ಬಿಟ್ಟೆ ಕಣ್ರೀ, ಯಾವ ಕರ್ಮ ಇದು" ಎಂದು ಅವನು ಬೂಟು ಟಪಟಪ ಬಡಿಯುತ್ತ ಹೋದ. ಮಸ್ತಾನಸಾಬ ತಲೆಯಾಡಿಸಿದ. ಇಪ್ಪತ್ತಾರು ವರ್ಷ ಕಾದ ಮಾತು, ಅಂಥ ಬಾಯಿಂದ, ಅಂಥ ರೀತಿಯಲ್ಲಿ ಬಂದಿತ್ತು. ಅದನ್ನೂ ಅವನು ಮರ್ಯಾದೆಯಿಂದ ತೆಗೆದುಕೊಂಡ.

ಮಗಳಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರದ ನಮಾಜು ಮುಗಿಸಿ ಬಂದು, "ಹಾಳಿ ತೊಗೊಂಡು ಬಾ. ಸಾಲಿಗೆ ಎಷ್ಟು ಬೇಕೋ ಅಷ್ಟು" ಎಂದ. ಫಿರ್ದೌಸ್ ಅಂಗಡಿಗೆ ಓಡಿ ದಪ್ಪ ಕಾಗದದ ಮೇಲೆ ಇಪ್ಪತ್ತು ಹೊಸ ಪ್ರತಿ ತೆಗೆದು ತಂದಳು. ಮೂಲೆಯಲ್ಲಿ ‘ರಚನೆ: ಮಸ್ತಾನಸಾಬ’ ಎಂದು ಅಚ್ಚಾಗಿತ್ತು. ಅವನು ಅದನ್ನು ಬೆರಳಿನಿಂದ ಹುಡುಕಿ, ಕಣ್ಣಿಗೆ ಹಿಡಿದು ನೋಡಿದ.

"ಮಷೀನು ಬರದ ಹೆಸರು ಬ್ಯಾಡ. ಅದನ್ನ ಬಿಟ್ಟು ತೆಗದು ತಾ. ನನ್ನ ಹೆಸರು ನಾನೇ ಬರೀತೀನಿ."

ಮತ್ತೆ ಅಂಗಡಿಗೆ ಹೋದಳು, ಮತ್ತೆ ಇಪ್ಪತ್ತು ತೆಗೆದಳು. ತಿರುಗಿ ಬರುವಷ್ಟರಲ್ಲಿ ಪ್ರತಿ ಒಯ್ಯಲು ಅನುರಾಧಾ ಬಂದು ಕೂತಿದ್ದಳು. ಚಾಪೆಯ ಮೇಲೆ ಹಾಳೆ ಹಾಸಿದರು. ಮಸ್ತಾನಸಾಬ ಸಣ್ಣ ಕುಂಚ ಹಿಡಿದು ಕೂತ. ಅಷ್ಟಗಲದ ಹಾಳೆಯಲ್ಲಿ ಮೂಲೆ ಎಲ್ಲಿದೆ ಎಂಬುದು ಅವನ ಕಣ್ಣಿಗೆ ಸಿಗುತ್ತಿರಲಿಲ್ಲ. ಫಿರ್ದೌಸ್ ಪಕ್ಕದಲ್ಲಿ ಕೂತು, ಎಲ್ಲಿ ಬರೆಯಬೇಕೆಂದು ತೋರಿಸಲು ಅವನ ಮಣಿಕಟ್ಟು ಹಿಡಿದಳು.

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಸಿಟ್ಟಿನಿಂದಲ್ಲ, ಬಿಸಿ ಪಾತ್ರೆ ತಾಗಿದವರು ಎಳೆದುಕೊಳ್ಳುವ ಹಾಗೆ.

"ಅನುರಾಧಾ, ನೀ ಬಾ ಅವ್ವಾ" ಅಂದ. "ಎಲ್ಲಿ ಬರೀಬೇಕು, ಕೈ ಹಿಡದು ತೋರಸು."

ಅನುರಾಧಾ ಫಿರ್ದೌಸಳ ಮುಖ ನೋಡಿದಳು, ಆಮೇಲೆ ಬಂದು ಕೂತಳು. ಫಿರ್ದೌಸ್ ಎದ್ದು ಬಣ್ಣದ ಬಟ್ಟಲು ಹಿಡಿದು ನಿಂತಳು. ಇಪ್ಪತ್ತು ಹಾಳೆ ಮುಗಿಯುವ ತನಕ, ಬಟ್ಟಲು ಎಲ್ಲಿದೆ ಎಂಬುದನ್ನು ಕೂಡ ಅವನು ಅನುರಾಧಳನ್ನೇ ಕೇಳಿದ.